ನಮ್ಮ ರಕ್ತ, ನಮ್ಮ ಷರತ್ತು

ಗುಡ್ಡದಾಚೆಯ ಊರಿಗೆ ಒಂದು ವರ್ಷ ಬಿಳಿ ವ್ಯಾನು ಬಂತು. ಸಕ್ಕರೆ ಕಾಯಿಲೆಯ ಪರೀಕ್ಷೆ ಎಂದು ಹೇಳಿ ಊರಿನ ದೊಡ್ಡವರೆಲ್ಲರಿಂದ ರಕ್ತ ತೆಗೆದುಕೊಂಡರು. ಯಾರಿಗೆ ಸಕ್ಕರೆ ಇದೆ, ಯಾರಿಗಿಲ್ಲ ಎಂದು ಒಬ್ಬರಿಗೂ ಹೇಳಲಿಲ್ಲ. ಆ ರಕ್ತವನ್ನು ಬೇರೆ ಬೇರೆ ಪ್ರಯೋಗಾಲಯಗಳಿಗೆ ಹಂಚಿದರು. ಈ ಮೂಲನಿವಾಸಿಗಳು ಎಲ್ಲಿಂದ ಬಂದವರು, ಇವರ ಹಿಂದಿನವರು ಯಾರ ಜೊತೆ ಕೂಡಿ ಬಾಳಿದ್ದರು ಎಂದು ಅದರಿಂದ ಪುಸ್ತಕ ಬರೆದರು. ಊರಿಗೆ ಈ ಸಂಗತಿ ತಿಳಿಯುವಷ್ಟರಲ್ಲಿ ರಕ್ತ ಕೊಟ್ಟವರಲ್ಲಿ ಕೆಲವರು ತೀರಿಹೋಗಿದ್ದರು. ಅವರ ರಕ್ತ ಇನ್ನೂ ಎಲ್ಲೋ ಒಂದು ತಣ್ಣನೆಯ ಪೆಟ್ಟಿಗೆಯಲ್ಲಿದೆ.

ಅಂದಿನಿಂದ ಆ ಊರಿನವರು ಆಸ್ಪತ್ರೆಗೆ ಹೋಗುವಾಗ ಮನೆಯಿಂದಲೇ ಲೋಟ ಒಯ್ಯುತ್ತಾರೆ. ಅಲ್ಲಿಯ ಲೋಟದಲ್ಲಿ ನೀರು ಕುಡಿದರೆ ಎಂಜಲು ಉಳಿಯುತ್ತದೆ, ಎಂಜಲು ಸಿಕ್ಕಿದರೆ ಇನ್ನೊಂದು ಪುಸ್ತಕ ಬರೆಯುತ್ತಾರೆ ಎಂಬುದು ಅವರ ಲೆಕ್ಕ. ಪಟ್ಟಣದ ಕ್ಷೌರದಂಗಡಿಯಲ್ಲಿ ತಮ್ಮ ಕೂದಲನ್ನು ತಾವೇ ಗುಡಿಸಿ, ಪೊಟ್ಟಣ ಕಟ್ಟಿ, ಜೇಬಿಗಿಟ್ಟುಕೊಂಡು ಬರುತ್ತಾರೆ. ಗಿರಾಕಿ ಅಂದರೆ ಹೀಗಿರಬೇಕು ಎಂದು ಅಂಗಡಿಯವನಿಗೆ ಬಹಳ ಖುಷಿ.

ಈ ವಿಷಯದಲ್ಲಿ ಗುಡುಗಜ್ಜಿ ಎಲ್ಲರಿಗಿಂತ ಒಂದು ಕೈ ಮೇಲು. ಸೂಜಿ ಚುಚ್ಚಿದ ಜಾಗಕ್ಕೆ ಒತ್ತಿದ ಹತ್ತಿಯನ್ನೂ ಅವಳು ವಾಪಸು ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಳ್ಳುವವಳು. ಬುಟ್ಟಿ ಹೆಣೆಯುವುದು ಅವಳ ಕಸುಬು. ಪಿಸುಮಾತಾಡಿದರೂ ಬೀದಿಯ ತುದಿಯವರೆಗೆ ಕೇಳುವ ಗಂಟಲು ಅವಳಿಗೆ ಹುಟ್ಟಿನಿಂದ ಬಂದದ್ದು. ಹೆಸರು ಹಾಗೆ ಬಿತ್ತು.

ಅಂಥ ಅಜ್ಜಿ ಒಂದು ದಿನ ಮಗಳು, ಮೊಮ್ಮಗಳ ಜೊತೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮನ ಎದುರು, ತೊಡೆಯ ಮೇಲೆ ತನ್ನ ಲೋಟ ಇಟ್ಟುಕೊಂಡು ಕೂತಿದ್ದಳು. ಮಗಳಿಗೆ ಸ್ತನ ಕ್ಯಾನ್ಸರ್ ಬಂದು, ಚಿಕಿತ್ಸೆ ಮುಗಿದು, ತಲೆಗೂದಲು ಮತ್ತೆ ಗುಂಗುರಾಗಿ ಬೆಳೆದಿತ್ತು. ಆದರೆ ಅಜ್ಜಿಯ ತಾಯಿ ಸತ್ತದ್ದು ಅದೇ ಕಾಯಿಲೆಯಿಂದ. ಅಜ್ಜಿಯ ತಂಗಿಯೂ ಹಾಗೇ ಹೋದಳು. ಇದು ವಂಶದಲ್ಲಿ ಹರಿದು ಬರುತ್ತಿದೆಯೇ ಎಂದು ತಿಳಿಯಲು ಡಾಕ್ಟರಮ್ಮ ಮಗಳ ರಕ್ತದಲ್ಲಿ ವಂಶವಾಹಿಯ ಪರೀಕ್ಷೆ ಮಾಡಿಸಿದ್ದರು. ಇವತ್ತು ಅದರ ಉತ್ತರ.

"ಒಂದು ಬದಲಾವಣೆ ಕಾಣಿಸಿದೆ," ಎಂದರು ಡಾಕ್ಟರಮ್ಮ. "ಅದು ಕಾಯಿಲೆ ತರೋ ಅಂಥದ್ದೋ, ತನ್ನ ಪಾಡಿಗೆ ತಾನಿರೋ ಅಂಥದ್ದೋ, ಗೊತ್ತಿಲ್ಲ."

ಅಜ್ಜಿ ಕಿವಿಗೆ ಕೈ ಆನಿಸಿದಳು. "ಏನಂದ್ರಿ?"

"ಗೊತ್ತಿಲ್ಲ ಅಂದೆ, ಅಜ್ಜಿ."

"ಲಿಫ್ಟು ಹುಡುಕೋಕೇ ನಾವು ಎರಡು ಸಲ ದಾರಿ ತಪ್ಪಿದ್ವಿ. ಗೊತ್ತಿಲ್ಲ ಅನ್ನೋಕೆ ಇಷ್ಟೊಂದು ಮಹಡಿ ಯಾಕೆ ಕಟ್ಟಿದ್ರಿ? ನಮ್ಮ ಮನೆ ಜಗಲಿ ಮೇಲೆ ಕೂತು ನಾನೇ ಹೇಳ್ತಿದ್ದೆನಲ್ಲ!"

ಮಗಳು ಅಜ್ಜಿಯ ಸೆರಗು ಜಗ್ಗಿದಳು. ಡಾಕ್ಟರಮ್ಮ ಮಾತ್ರ ನಕ್ಕುಬಿಟ್ಟರು. "ಸರಿಯಾಗಿ ಕೇಳಿದ್ರಿ. ಇಂಥ ಬದಲಾವಣೆ ಸಿಕ್ಕಾಗ ನಾವು ಲಕ್ಷಗಟ್ಟಲೆ ಜನರ ದಾಖಲೆ ಜೊತೆ ಹೋಲಿಸಿ ನೋಡ್ತೀವಿ. ಆ ದಾಖಲೆಯಲ್ಲಿ ಪಟ್ಟಣದವರಿದ್ದಾರೆ, ಸಮುದ್ರದಾಚೆಯವರಿದ್ದಾರೆ. ನಿಮ್ಮ ಜನ ಒಬ್ಬರೂ ಇಲ್ಲ."

"ಇಲ್ವಾ? ವ್ಯಾನು ತುಂಬಾ ತುಂಬಿಕೊಂಡು ಹೋದ್ರಲ್ಲ!"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅದು ಕ್ಯಾನ್ಸರಿಗಾಗಿ ತಗೊಂಡಿದ್ದಲ್ಲ. ಅವರು ಮಾಡಿದ್ದು ತಪ್ಪು. ಅವರಲ್ಲಿ ನಾನಿರಲಿಲ್ಲ, ಆದರೆ ನನ್ನ ಕೋಟೂ ಬಿಳೀನೇ. ನೀವು ನನ್ನ ನಂಬದಿದ್ರೆ ನಾನು ಬೇಜಾರು ಮಾಡ್ಕೊಳ್ಳಲ್ಲ."

ಮೊಮ್ಮಗಳು ಕೇಳಿದಳು. "ಅಮ್ಮನಿಗೆ ಇರೋದು ನನಗೂ ಇರಬಹುದಾ?"

"ಇರಬಹುದು, ಇಲ್ಲದೆಯೂ ಇರಬಹುದು. ಎರಡಕ್ಕೂ ಅರ್ಧರ್ಧ ಅವಕಾಶ."

"ಇದ್ರೆ ಎರಡೂ ಎದೆ ತೆಗೆಸಿಬಿಡೋದೇ ಒಳ್ಳೇದು ಅಂತ ಊರಲ್ಲಿ ಹೇಳ್ತಾರೆ."

"ಊರವರು ಸುಲಭವಾಗಿ ಹೇಳ್ತಾರೆ, ಎದೆ ಅವರದ್ದಲ್ಲವಲ್ಲ. ಅರ್ಥ ಗೊತ್ತಿಲ್ಲದ ಬದಲಾವಣೆ ಒಂದನ್ನೇ ನಂಬಿಕೊಂಡು ಆಪರೇಷನ್ ಬೇಡಮ್ಮ. ನಿಮ್ಮ ಮನೆಯಲ್ಲಿ ಮೂವರಿಗೆ ಬಂದಿದೆ ಅನ್ನೋದು ಗೊತ್ತಿದೆಯಲ್ಲ, ಅದರ ಮೇಲೇ ನಿನ್ನ ತಪಾಸಣೆ ಬೇಗ ಶುರು ಮಾಡೋಣ, ಪ್ರತಿ ವರ್ಷ. ಇನ್ನು ಆ ಬದಲಾವಣೆಯ ಅರ್ಥ ಹುಡುಕೋಕೆ ನಿಮ್ಮ ಜನರ ಜೊತೆಗೇ ಸೇರಿ ಒಂದು ಅಧ್ಯಯನ ಮಾಡಬೇಕು ಅಂತ..."

"ಬಂತು ನೋಡು ವ್ಯಾನು!" ಎಂದು ಅಜ್ಜಿ ಎದ್ದಳು. ಆ ಮಾತು ಆ ಮಹಡಿಗೂ ಕೇಳಿತು, ಕೆಳಗಿನ ಮಹಡಿಗೂ ಕೇಳಿತು. ಲೋಟ ಎತ್ತಿಕೊಂಡು ಹೊರಟೇಬಿಟ್ಟಳು.

ಬಸ್ಸಿನಲ್ಲಿ ಮೊಮ್ಮಗಳು ಕಿಟಕಿಗೆ ಹಣೆ ಆನಿಸಿ ಕೂತಿದ್ದಳು. ದುಪಟ್ಟದೊಳಗೆ ಎರಡೂ ಕೈ ಎದೆಗೆ ಕಟ್ಟಿಕೊಂಡಿದ್ದಳು. ಚಳಿಯೇನೂ ಇರಲಿಲ್ಲ. ಅಜ್ಜಿ ಅದನ್ನು ಕಂಡಳು. ಗುಡುಗು ಅಂದು ಮನೆ ತಲುಪುವವರೆಗೂ ಗುಡುಗಲಿಲ್ಲ.

ಮರುದಿನ ಹೆಣಿಗೆಯ ಶೆಡ್ಡಿನಲ್ಲಿ ಮಾತ್ರ ಗಂಟಲು ವಾಪಸು ಬಂದಿತ್ತು. ತೊಟ್ಟಿಯಲ್ಲಿ ನೆನೆದ ಬಿದಿರ ಸೀಳಿನ ಹಸಿ ವಾಸನೆ, ನೆಲದ ತುಂಬಾ ಸಿಪ್ಪೆ, ಕಾಲ್ಬೆರಳಲ್ಲಿ ಬುಟ್ಟಿಯ ತಳ ಅದುಮಿಕೊಂಡು ಕೂತ ಹೆಂಗಸರು. ಮೂಲೆಯಲ್ಲಿ ಪಟ್ಟಣದ ಅಂಗಡಿ ತಿರಸ್ಕರಿಸಿ ಕಳಿಸಿದ ಬುಟ್ಟಿಗಳ ರಾಶಿ. ಒಂದೊಂದರ ತಳದಲ್ಲೂ 'ದೋಷ' ಎಂದು ಕೆಂಪು ಸೀಮೆಸುಣ್ಣದ ಗೀಟು.

ಊರಿನ ಸುದ್ದಿಯನ್ನೆಲ್ಲ ಊರಿಗೇ ಬಿತ್ತರಿಸುವ ರೇಡಿಯೊ ಭಾವ ಬಾಗಿಲಿಗೆ ಒರಗಿ ನಿಂತಿದ್ದ. "ರಕ್ತ ಕೊಟ್ರೆ ಅದರಿಂದ ನಮ್ಮಂಥವರನ್ನೇ ಇನ್ನೊಬ್ಬರನ್ನ ಮಾಡ್ತಾರಂತೆ ಅತ್ತಿಗೆ!"

"ನಿನ್ನಂಥವನು ಇನ್ನೊಬ್ಬನಾ? ಇರೋ ಒಬ್ಬನನ್ನೇ ಸಹಿಸೋಕಾಗ್ತಿಲ್ಲ. ಹೋಗು, ತೊಟ್ಟಿಗೆ ನೀರು ತುಂಬು," ಎಂದಳು ಅಜ್ಜಿ.

ಆಗ ನರ್ಸಮ್ಮ ಬಂದಳು. ಇದೇ ಊರಲ್ಲಿ ಹುಟ್ಟಿ, ಚಿಕ್ಕವಳಿದ್ದಾಗ ಇದೇ ತೊಟ್ಟಿಗೆ ಬಿದ್ದು ಬೈಸಿಕೊಂಡು ಬೆಳೆದವಳು. ಈಗ ಊರಿನ ಆರೋಗ್ಯ ಕೇಂದ್ರವನ್ನು ನೋಡಿಕೊಳ್ಳುವವಳು ಅವಳೇ. ಚಪ್ಪಲಿ ಬಿಟ್ಟು ಸಿಪ್ಪೆಯ ಮೇಲೆಯೇ ಕೂತಳು.

"ದೊಡ್ಡಮ್ಮ, ಆಸ್ಪತ್ರೆಯಲ್ಲಿ ಗುಡುಗಿದಿರಂತೆ. ಇಲ್ಲಿವರೆಗೂ ಕೇಳಿಸ್ತು."

"ಗುಡುಗದೆ ಏನ್ಮಾಡಲಿ? ನೋಡು, ಆ ಅಂಗಡಿಯವನೂ ಹಾಗೇ, ಈ ಆಸ್ಪತ್ರೆಯವರೂ ಹಾಗೇ. ನಮ್ಮಮ್ಮ, ಅವರಮ್ಮ ಹೆಣೆದ ಹಾಗೆ ಹೆಣೆದಿದ್ದೀನಿ. ತಳದ ನಡುವೆ ಒಂದು ಸೀಳು ಎರಡು ಎಳೆ ಹಾರಿ ಹೋಗುತ್ತೆ. ಅದಕ್ಕೆ ದೋಷ ಅಂತೆ!"

ನರ್ಸಮ್ಮ ರಾಶಿಯಿಂದ ಎರಡು ಬುಟ್ಟಿ ಎಳೆದುಕೊಂಡಳು. "ಎರಡರಲ್ಲೂ ಎಳೆ ಹಾರಿದೆ. ಹಾಗಾದ್ರೆ ಅವನು ಗೀಟು ಎಳೆದಿದ್ದೆಲ್ಲಾ ಸುಳ್ಳಾ?"

ಅಜ್ಜಿ ಬುಟ್ಟಿಗಳನ್ನು ಬೆಳಕಿಗೆ ಹಿಡಿದಳು. "ಇದು ನಮ್ಮದು. ಇದರ ಮೇಲೆ ನೀನು ಕೂತ್ಕೋ, ಏನೂ ಆಗಲ್ಲ. ಇದು ಆಚೆ ಬೀದಿಯವರದು. ಇವರು ಅಂಚಿನ ಹತ್ತಿರ ಹಾರಿಸ್ತಾರೆ. ವರ್ಷದೊಳಗೆ ತಳ ಕಿತ್ತು ಬರುತ್ತೆ. ಎಷ್ಟು ಬಡಕೊಂಡ್ರೂ ಕೇಳಲ್ಲ."

"ನಾವಿಲ್ಲೇ ಕೂತಿದೀವಿ, ಅತ್ತೆ," ಎಂದಳು ಆಚೆ ಬೀದಿಯ ಸೊಸೆ.

"ಕೂತಿದೀಯ ಅಂತಾನೇ ಹೇಳಿದ್ದು."

ನಗು ಅಡಗುವವರೆಗೆ ಕಾದು ನರ್ಸಮ್ಮ ಕೇಳಿದಳು. "ಒಂದು ಗಟ್ಟಿ, ಇನ್ನೊಂದು ಕಿತ್ತು ಬರುತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಹೇಗೆ ಅಂದ್ರೆ? ರಿಪೇರಿಗೆ ಬಂದಿದ್ದನ್ನೆಲ್ಲ ನೋಡಿದೀವಲ್ಲ. ಯಾವ ಮನೆಯದು ವಾಪಸು ಬರುತ್ತೆ, ಯಾವ ಮನೆಯದು ಬರಲ್ಲ, ನೋಡ್ತಾ ನೋಡ್ತಾ ಗೊತ್ತಾಗುತ್ತೆ. ಒಂದೇ ಬುಟ್ಟಿ ನೋಡಿ ಯಾರಿಗೂ ಹೇಳೋಕಾಗಲ್ಲ. ನನಗೂ ಆಗಲ್ಲ. ಆ ಅಂಗಡಿಯವನ ಹತ್ತಿರ ಇರೋದು ಬೇರೆ ಊರಿನ ಮಾದರಿ. ಅದರ ಹಾಗಿಲ್ಲ ಅಂದ್ರೆ ಗೀಟು ಎಳೀತಾನೆ."

ಮೂಲೆಯಲ್ಲಿ ಸೀಳು ಒರೆಸುತ್ತಿದ್ದ ಮಗಳ ಕೈ ನಿಂತಿತು. "ಅಮ್ಮಾ, ನನ್ನ ರಕ್ತದಲ್ಲೂ ಒಂದು ಎಳೆ ಹಾರಿದೆ ಅಷ್ಟೇ ಅಲ್ವಾ? ಅದು ನಮ್ಮ ಮನೆಯ ಹಾಗೆ ಗಟ್ಟಿದೋ, ಆಚೆ ಬೀದಿಯದರ ಹಾಗೆ ಕಿತ್ತು ಬರೋದೋ..."

"ಮತ್ತೆ ನಮ್ಮ ಬೀದೀನಾ?" ಎಂದಳು ಸೊಸೆ.

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಬುಟ್ಟಿಯ ತಳದ ಮೇಲೆ ಹೆಬ್ಬೆರಳು ಆಡಿಸುತ್ತಾ ಕೂತಳು.

"ಅಕ್ಕ ಸರಿಯಾಗಿ ಹೇಳಿದ್ಲು," ಎಂದಳು ನರ್ಸಮ್ಮ. "ನಮ್ಮ ಜನರಲ್ಲಿ ಕಾಯಿಲೆ ಬಂದವರು, ಬರದವರು, ಇಬ್ಬರದ್ದೂ ನೋಡಿದ್ರೆ ತಾನೇ ಗೊತ್ತಾಗೋದು. ಅಂಗಡಿಯವನು ತನಗೆ ಗೊತ್ತಿಲ್ಲದ್ದನ್ನ ದೋಷ ಅಂದ. ಡಾಕ್ಟರಮ್ಮ ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದ್ರು. ಅಷ್ಟರ ಮಟ್ಟಿಗೆ ಅವರು ವಾಸಿ."

"ವಾಸೀನೇ ಇರಬಹುದು ಕಣೇ. ಆದರೆ ಬುಟ್ಟಿ ಕೊಟ್ರೆ ಗೀಟು ಎಳೆದಾದ್ರೂ ವಾಪಸು ಬಂತು. ರಕ್ತ ಕೊಟ್ಟಿದ್ದು ವಾಪಸು ಬರಲಿಲ್ಲ. ನಾಳೆ ಪೇಪರಿನಲ್ಲಿ 'ಈ ಜನರ ರಕ್ತವೇ ಕೆಟ್ಟದ್ದು' ಅಂತ ಬರೆದ್ರೆ? ನಮ್ಮ ಹುಡುಗಿಯರಿಗೆ ಯಾರು ಕೆಲಸ ಕೊಡ್ತಾರೆ, ಯಾರು ಮನೆ ಕೊಡ್ತಾರೆ?"

"ಬರೆಯೋ ಮೊದಲು ನಮಗೆ ತೋರಿಸಬೇಕು ಅಂತ ಹೇಳೋಣ."

"ಒಪ್ತಾರಾ?"

"ಒಪ್ಪದಿದ್ರೆ ನಾವು ಕೊಡೋದು ಬೇಡ. ಬೇಡ ಅನ್ನೋ ಹಕ್ಕು ನಮ್ಮದು. ಬೇಡ ಅಂದ ಮಾತ್ರಕ್ಕೆ ಅಕ್ಕನ ತಪಾಸಣೆ ಯಾರೂ ನಿಲ್ಲಿಸೋ ಹಾಗಿಲ್ಲ. ಇನ್ನೊಂದು ಮಾತು, ದೊಡ್ಡಮ್ಮ, ಈಗಲೇ ಹೇಳಿಬಿಡ್ತೀನಿ. ಇವತ್ತು ರಕ್ತ ಕೊಟ್ರೆ ನಾಳೆ ಉತ್ತರ ಬರಲ್ಲ. ವರ್ಷಗಟ್ಟಲೆ ಹಿಡೀಬಹುದು. ನಿಮ್ಮ ಮೊಮ್ಮಗಳಿಗೆ ಸಿಗದ ಉತ್ತರ ಅವಳ ಮಗಳಿಗೆ ಸಿಗಬಹುದು."

ಅಜ್ಜಿ ಮೊಮ್ಮಗಳತ್ತ ನೋಡಿದಳು. ಅವಳು ಬಸ್ಸಿನಲ್ಲಿ ಕೂತ ಹಾಗೆಯೇ ಇಲ್ಲಿಯೂ ಕೈ ಕಟ್ಟಿ ಕೂತಿದ್ದಳು.

"ಆ ಡಾಕ್ಟರಮ್ಮನಿಗೆ ಹೇಳು," ಎಂದಳು ಅಜ್ಜಿ. "ನಾವು ಅಲ್ಲಿಗೆ ಹೋಗಲ್ಲ. ಅವರೇ ಇಲ್ಲಿಗೆ ಬರಲಿ. ಕೆಳಗೆ ಕೂರಲಿ."

ಡಾಕ್ಟರಮ್ಮ ಬಂದರು. ಕೆಳಗೆ ಕೂತರು. ಬಿಸಿಲಲ್ಲಿ ಗುಡ್ಡ ಹತ್ತಿ ಬಂದವರು, ಕುಡಿಯಲು ನೀರು ಕೇಳಿದರು.

"ಲೋಟ ತಂದಿದೀರಾ?" ಎಂದಳು ಗುಡುಗಜ್ಜಿ.

ಡಾಕ್ಟರಮ್ಮ ಚೀಲಕ್ಕೆ ಕೈ ಹಾಕಿ ಒಂದು ಸ್ಟೀಲಿನ ಲೋಟ ತೆಗೆದರು. "ನಿಮ್ಮನ್ನ ನೋಡಿ ಕಲಿತೆ."

ಆಮೇಲೆ ಮಾತು ಸಲೀಸಾಯಿತು. ಸಲೀಸು ಎಂದರೆ ಜಗಳವಿರಲಿಲ್ಲ ಎಂದಲ್ಲ. ಸಾಕಷ್ಟು ಜಗಳವಾಯಿತು. ರಕ್ತ ಎಲ್ಲಿರುತ್ತೆ ಎಂದು ಸೊಸೆ ಕೇಳಿದಳು. ಈ ಜಿಲ್ಲೆ ಬಿಟ್ಟು ಹೊರಗೆ ಹೋಗಲ್ಲ, ಹೋಗಬೇಕಾದರೆ ನಿಮ್ಮನ್ನು ಕೇಳಿಯೇ ಎಂದರು ಡಾಕ್ಟರಮ್ಮ. ಕ್ಯಾನ್ಸರಿಗೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಬಾರದು ಎಂದಳು ಅಜ್ಜಿ. ಒಪ್ಪಿಗೆಯಾಯಿತು. ಅಚ್ಚಾಗುವ ಮೊದಲು ಬರೆದದ್ದನ್ನು ನಮಗೆ ತೋರಿಸಬೇಕು ಎಂದಳು ನರ್ಸಮ್ಮ, ಅದಕ್ಕೂ ಒಪ್ಪಿದರು. ಕೊಟ್ಟವರು ನಾಳೆ ಮನಸ್ಸು ಬದಲಾಯಿಸಿದರೆ? ಅವರ ರಕ್ತ, ಅವರ ಮಾಹಿತಿ, ಎರಡನ್ನೂ ತೆಗೆದುಹಾಕುತ್ತೇವೆ, ಆದರೆ ಅಷ್ಟರಲ್ಲಿ ಮುದ್ರಣವಾಗಿ ಹೋದದ್ದನ್ನು ಅಳಿಸಲಾಗದು ಎಂದರು ಡಾಕ್ಟರಮ್ಮ. ಅಧ್ಯಯನದ ಸಮಿತಿಯಲ್ಲಿ ಊರಿನ ಇಬ್ಬರು ಇರಬೇಕು ಎಂದಾಗ "ನಾನೊಬ್ಬ" ಎಂದು ರೇಡಿಯೊ ಭಾವ ಎದ್ದ. ಗುಟ್ಟು ಗುಟ್ಟಾಗಿ ಇರಬೇಕಾದ ಕಡೆ ನಿನಗೇನು ಕೆಲಸ ಎಂದು ಎಲ್ಲರೂ ಸೇರಿ ಕೂರಿಸಿದರು. ನರ್ಸಮ್ಮ, ಮೊಮ್ಮಗಳು, ಇಬ್ಬರ ಹೆಸರು ನಿಂತಿತು.

"ಹಳೇ ರಕ್ತ ವಾಪಸು ತರಿಸಿ ಕೊಡಿ," ಎಂದಳು ಅಜ್ಜಿ ಕೊನೆಗೆ.

ಡಾಕ್ಟರಮ್ಮ ಲೋಟ ಬದಿಗಿಟ್ಟರು. "ಅದು ಯಾರ ಹತ್ತಿರ ಇದೆ ಅಂತ ಹುಡುಕೋಕೆ ನಿಮ್ಮ ಜೊತೆ ನಾನೂ ಬರ್ತೀನಿ. ಸಿಕ್ಕೇ ಸಿಗುತ್ತೆ ಅಂತ ಹೇಳಲಾರೆ."

"ನೋಡಿ ಈಯಮ್ಮನ್ನ!" ಎಂದು ಅಜ್ಜಿ ಎಲ್ಲರ ಕಡೆ ತಿರುಗಿದಳು. "ಅವತ್ತು ಗೊತ್ತಿಲ್ಲ ಅಂದ್ರು. ಇವತ್ತು ಹೇಳಲಾರೆ ಅಂತಾರೆ. ಆ ವ್ಯಾನಿನವರು ಎಲ್ಲ ಗೊತ್ತು, ಎಲ್ಲ ಮಾಡ್ತೀವಿ ಅಂದಿದ್ರು." ಆಮೇಲೆ ತೋಳು ಚಾಚಿದಳು. "ಬರೀರಿ. ಮೊದಲನೇ ಹೆಸರು ನಂದು."

ರಕ್ತ ಕೊಡುವ ದಿನ ಶೆಡ್ಡಿನಲ್ಲಿ ಮದುವೆಯ ಗಲಾಟೆ. ಬಿದಿರನ್ನೆಲ್ಲ ಗೋಡೆಗೆ ಒರಗಿಸಿ ಮೇಜು ಹಾಕಿದ್ದರು. ಮೊಮ್ಮಗಳು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಬಂದವರಿಗೆ ಒಂದೊಂದೇ ಷರತ್ತು ಓದಿ ಹೇಳುತ್ತಿದ್ದಳು. ಅಜ್ಜಿ ಎಲ್ಲರಿಗಿಂತ ಮುಂದಿನ ಕುರ್ಚಿಯಲ್ಲಿ ರವಿಕೆಯ ತೋಳು ಮಡಿಸಿ ಕೂತಾಗಿತ್ತು. ಆಗ ಡಾಕ್ಟರಮ್ಮನ ಜೊತೆ, ಸಂಶೋಧನೆಯ ಕಚೇರಿಯಿಂದ ಟೈ ಕಟ್ಟಿದ ಸಾಹೇಬರೊಬ್ಬರು ವ್ಯಾನಿನಿಂದ ಇಳಿದರು.

"ಒಂದು ಸಣ್ಣ ಬದಲಾವಣೆ," ಎಂದರು ಸಾಹೇಬರು, ಒಪ್ಪಿಗೆಯ ಪತ್ರ ಮುಂದಿಟ್ಟು ನಗುತ್ತಾ. "ಕ್ಯಾನ್ಸರಿಗೆ ಮಾತ್ರ ಅನ್ನೋದನ್ನ ತೆಗೆದು, ಯಾವ ಸಂಶೋಧನೆಗಾದರೂ ಅಂತ ಹಾಕಿದೀವಿ. ಪ್ರತಿ ಸಲ ಬಂದು ನಿಮ್ಮನ್ನ ಕೇಳೋದು ತೊಂದರೆ ನೋಡಿ. ಎಲ್ಲಿ, ಇಲ್ಲಿ ಹೆಬ್ಬೆಟ್ಟು ಒತ್ತಿ."

ಡಾಕ್ಟರಮ್ಮನ ಮುಖ ಕೆಂಪೇರಿತು. "ಇದು ನನಗೆ ಹೇಳಿರಲಿಲ್ಲ, ಸರ್. ನಾನು ಇವರಿಗೆ ಮಾತು ಕೊಟ್ಟಿದೀನಿ."

"ಈಗ ಒತ್ತಲಿ, ಆಮೇಲೆ ಸರಿಪಡಿಸೋಣ. ಸಂಜೆಯೊಳಗೆ ವ್ಯಾನು ಹಿಂತಿರುಗಬೇಕು."

ಅಜ್ಜಿ ಮೊಮ್ಮಗಳ ಮುಖ ನೋಡಿದಳು. ಇಷ್ಟು ದಿನ ಗುಡುಗಿದವಳಿಗೆ ಈಗ ಹೆದರಿಕೆಯಾಯಿತು. ತಾನು ಕೈ ಹಿಂದೆಗೆದರೆ ಈ ಹುಡುಗಿಯ ಉತ್ತರ ಇನ್ನಷ್ಟು ದೂರ ಹೋಗುತ್ತದೆ. ಇವಳು ಇನ್ನೂ ಎಷ್ಟು ದಿನ ಹೀಗೆ ಎದೆಗೆ ಕೈ ಕಟ್ಟಿಕೊಂಡು ಕೂರಬೇಕು?

"ಅಜ್ಜಿ, ನನ್ನ ತಪಾಸಣೆ ಹೇಗಿದ್ರೂ ನಡೀತಿದೆ," ಎಂದಳು ಮೊಮ್ಮಗಳು. "ಮೊನ್ನೆಯ ಸ್ಕ್ಯಾನಿನಲ್ಲಿ ಏನೂ ಇಲ್ಲ. ನಾನು ಕಾಯ್ತೀನಿ. ನೀನು ಹೆದರಿಕೊಂಡು ಹೆಬ್ಬೆಟ್ಟು ಒತ್ತಬೇಡ."

"ನಾನಾ? ಹೆದರೋದಾ?" ಎಂದು ಅಜ್ಜಿ ಗಂಟಲು ಸರಿ ಮಾಡಿಕೊಂಡಳು. "ಸಾಹೇಬರೇ, ನಿಮಗೆ ಪ್ರತಿ ಸಲ ಕೇಳೋದು ತೊಂದರೆ. ನಮ್ಮನ್ನ ಒಂದು ಸಲವೂ ಕೇಳದೆ ಇದ್ದಿದ್ದೇ ನಮಗೆ ತೊಂದರೆ ಆಗಿದ್ದು. ಒಪ್ಪಿದ ಮಾತು ಹೇಗಿತ್ತೋ ಹಾಗೇ ಬರೆದು ತನ್ನಿ."

ಸಾಹೇಬರು ಫೋನು ಹಿಡಿದು ಅಂಗಳಕ್ಕೆ ಹೋದರು. ಅವರು ಮಾತಾಡಿ ಬರುವಷ್ಟರಲ್ಲಿ, ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಕ್ಯಾನ್ಸರ್ ಬಂದಿದ್ದರೆ ಮುಚ್ಚಿಡಬೇಡಿ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹೇಳಿ, ತಪಾಸಣೆ ಬೇಗ ಶುರುವಾಗಲಿ. ಕಾಯಿಲೆ ಯಾರ ತಪ್ಪೂ ಅಲ್ಲ, ಯಾವ ಜನರ ರಕ್ತವೂ ಕೆಟ್ಟದ್ದಲ್ಲ. ನಮ್ಮವರ ದಾಖಲೆ ಇಲ್ಲದ ಕಡೆ ನಮ್ಮ ಮಕ್ಕಳಿಗೆ ಸಿಗುವುದು 'ಗೊತ್ತಿಲ್ಲ' ಎಂಬ ಉತ್ತರವೇ. ಅದಕ್ಕೆ ನಾವು ಸಂಶೋಧನೆಯ ಒಳಗೆ ಬರಬೇಕು. ಆದರೆ ಬುಟ್ಟಿ ಮಾರುವಾಗ ಎಷ್ಟು ಕೇಳುತ್ತೀರೋ, ರಕ್ತ ಕೊಡುವಾಗ ಅದರ ನಾಲ್ಕು ಪಟ್ಟು ಕೇಳಿ. ಯಾಕೆ ಬೇಕು, ಎಲ್ಲಿಡುತ್ತೀರಿ, ಗೊತ್ತಾದದ್ದನ್ನು ನಮಗೆ ಯಾವಾಗ ಹೇಳುತ್ತೀರಿ, ಬೇಡವೆಂದರೆ ಬಿಡುತ್ತೀರಾ? ಉತ್ತರ ಸಿಗುವವರೆಗೆ ಕೇಳಿ. ಕೇಳುವವರನ್ನು ದಡ್ಡರೆನ್ನುವ ಕಾಲ ಮುಗಿಯಲಿ. ಮತ್ತು ಟೈ ಕಟ್ಟಿದ ಸಾಹೇಬರೇ, ನೀವೂ ಇದನ್ನು ಓದುತ್ತಿದ್ದರೆ, ಬನ್ನಿ, ಕೆಳಗೆ ಕೂತುಕೊಳ್ಳಿ, ಜಾಗವಿದೆ.

ಅಂಗಳದಿಂದ ಸಾಹೇಬರು ವಾಪಸು ಬಂದರು. ಕರ್ಚೀಫಿನಿಂದ ಕತ್ತು ಒರೆಸಿಕೊಂಡರು.

"ಮೇಲಿನವರು ಮೀಟಿಂಗಿನಲ್ಲಿದ್ದಾರೆ. ಅವರು ಒಪ್ಪಿದ್ರೆ ಹಳೇ ಮಾತನ್ನೇ ಬರೆಸಿ ಕಳಿಸ್ತೀನಿ. ನೀವೆಲ್ಲಾ ಈಗ ಎದ್ದು ಮನೆಗೆ ಹೋಗಿ."

ಹಿಂದೆ ಸಾಲಾಗಿ ಕೂತವರು ಯಾರೂ ಮಿಸುಕಲಿಲ್ಲ. ಗುಡುಗಜ್ಜಿ ಮಡಿಸಿದ ರವಿಕೆಯ ತೋಳನ್ನು ಇನ್ನೊಂದು ಸುತ್ತು ಮೇಲೆ ಮಡಿಸಿ, ಕೈಯನ್ನು ಮೇಜಿನ ಮೇಲೆ ಉದ್ದಕ್ಕೆ ಚಾಚಿದಳು.

"ಹೋಗಲ್ಲ," ಎಂದಳು. "ರಕ್ತ ಕೊಟ್ಟೇ ಹೋಗೋದು. ಇನ್ನೊಂದು ಸಲ ಫೋನು ಮಾಡಿ."